ಕಳ್ಳರಿಗೆಂದು ಹಾಕಿದ ರಂಗೋಲಿ

ನಮ್ಮಪ್ಪನಷ್ಟು ಪುಕ್ಕಲು ಗಂಡಸನ್ನು ನಾನು ಬೇರೆ ಕಂಡಿಲ್ಲ. ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ದಿನಾ ಸಂಜೆ ಒಂದಾದರೂ ಕಳ್ಳತನದ ಸುದ್ದಿ ಹೊತ್ತು ತರುತ್ತಿದ್ದರು. ತೊಗರ್ಸಿ ಕಡೆ ಯಾರದೋ ಗೋಡೆಗೆ ಕನ್ನ ಕೊರೆದರಂತೆ, ತಾಳಗುಂದದಲ್ಲಿ ಯಾರದೋ ಹಂಡೆ ಹೋಯಿತಂತೆ. ಕದಿಯುವುದಕ್ಕೆ ನಮ್ಮ ಮನೆಯಲ್ಲಾದರೂ ಏನಿತ್ತು? ಎರಡು ತಾಮ್ರದ ಹಂಡೆ, ಅಮ್ಮ ತವರಿನಿಂದ ತಂದ ಹಿತ್ತಾಳೆ ಕೊಡ, ಆರು ಚೀಲ ಭತ್ತ. ಆದರೂ ನನಗೆ ಒಂಬತ್ತು ತುಂಬುವವರೆಗೆ ಆ ಮನೆಗೆ ಬೀಗ ಹಾಕಿ ನಾವು ಮೂವರೂ ಒಟ್ಟಿಗೆ ಎಲ್ಲಿಗೂ ಹೋದದ್ದಿಲ್ಲ. ಅಮ್ಮ ತವರಿಗೆ ಹೋದರೆ ಅಪ್ಪ ಕಾವಲು, ಅಪ್ಪ ಹೊರಟರೆ ಅಮ್ಮ ಕಾವಲು.

ಆ ವರ್ಷ ಸೊರಬದಲ್ಲಿ ಚಿಕ್ಕಮ್ಮನ ಮದುವೆ ನಿಶ್ಚಯವಾಯಿತು. ಅಜ್ಜ ಅಜ್ಜಿ ಇಬ್ಬರೂ ತೀರಿಕೊಂಡಿದ್ದರು. ತಂಗಿಯನ್ನು ಧಾರೆ ಎರೆದು ಕೊಡಬೇಕಾದವರು ಅಪ್ಪ ಅಮ್ಮನೇ. ದಂಪತಿಗಳಲ್ಲಿ ಒಬ್ಬರೇ ಹೋದರೆ ಧಾರೆ ಹೇಗೆ ನಡೆದೀತು? ಅಪ್ಪ ಎರಡು ದಿನ ಬಾಗಿಲು, ಚಿಲಕಗಳನ್ನು ಎಳೆದೆಳೆದು ನೋಡಿದರು. ಮೂರನೆಯ ದಿನ ಹೊಸ ಬೀಗ ತಂದರು.

ಆಮೇಲೆ ಶುರುವಾಯಿತು ಅವರ ಸಿದ್ಧತೆ. ಕೊಡ ಭತ್ತದ ಚೀಲದೊಳಗೆ ಹೋಯಿತು. ಹಂಡೆಗಳು ಹುಲ್ಲಿನ ಅಡಿಗೆ ಸೇರಿದವು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಒನಕೆ ಆನಿಸಿದರು. ಮನೆಯಲ್ಲಿ ಗಂಡಸು ಇದ್ದಾನೆ ಎಂದು ಕಾಣಲಿ ಎಂದು ಹಳೆಯ ಅಂಗಿಯನ್ನು ಹೊರಗೆ ಒಣಹಾಕಿ, ಚಪ್ಪಲಿಯನ್ನು ಜಗುಲಿಯ ಕೆಳಗೆ ಬಿಟ್ಟರು. ಅವರಿಗೆ ಇದ್ದದ್ದು ಅದೊಂದೇ ಜೊತೆ.

ಅಮ್ಮ ಇದನ್ನೆಲ್ಲ ನೋಡಿ ನಕ್ಕಳು. "ನೀವು ಬಾಗಿಲಿಗೆ ಏಳು ಬೀಗ ಜಡೀರಿ. ಕಳ್ಳ ನೋಡೋದು ಹೊಸ್ತಿಲನ್ನ. ಬೆಳಿಗ್ಗೆ ರಂಗೋಲಿ ಇಲ್ಲ ಅಂದ್ರೆ ಮನೇಲಿ ಹೆಂಗಸಿಲ್ಲ ಅಂತ ಗೊತ್ತಾಗಲ್ವಾ?"

ಅಪ್ಪನ ಮುಖ ಬಿಳಿಚಿಕೊಂಡಿತು. ನಮ್ಮದು ಬೀದಿಯ ಕೊನೆಯ ಮನೆ. ಎದುರಿಗೆ ಕೆರೆಗೆ ಹೋಗುವ ದಾರಿ, ಮಗ್ಗುಲಿಗೆ ಒಂದೇ ಮನೆ. ಆ ಮನೆಯಲ್ಲಿದ್ದವರನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಒಂದು ಕಾಲದಲ್ಲಿ ಊರಿನ ಮದುವೆಗಳಲ್ಲಿ ಹಸೆಯ ಮುಂದೆ ಅವರದೇ ರಂಗೋಲಿ. ಗಂಡ ತೀರಿಕೊಂಡ ಮೇಲೆ ಅವರನ್ನು ಯಾರೂ ಕರೆಯಲಿಲ್ಲ, ಅವರೂ ರಂಗೋಲಿ ಬಟ್ಟಲು ಮುಟ್ಟಲಿಲ್ಲ. ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದರಿಂದ ಅವರ ಹೊಸ್ತಿಲಿಗೂ ಆಗ ಬರೀ ನೀರು.

ಅಮ್ಮ ಬಟ್ಟಲು ಹಿಡಿದುಕೊಂಡೇ ಹೋದಳು. ನಾನೂ ಸೆರಗು ಹಿಡಿದು ಹಿಂದೆ ಹೋದೆ.

"ನಾ ಹಾಕಬಾರದಲ್ಲ ತಂಗೀ. ಮದುವಿಗೆ ಹೊಂಟೀರಿ. ಅಪಶಕುನ ಅಂತಾರೆ," ಎಂದರು ದೊಡ್ಡಮ್ಮ.

"ದೇವರಿಗಲ್ಲ ಅಕ್ಕಾ, ಕಳ್ಳರಿಗೆ. ಕಳ್ಳರಿಗೆ ಎಂಥ ಶಾಸ್ತ್ರ? ನಸುಕಲ್ಲಿ ಎರಡು ಗೆರೆ ಎಳೆದುಬಿಡಿ, ಸಾಕು."

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ಎರಡೂ ಕೈ ಚಾಚಿ ತೆಗೆದುಕೊಂಡರು.

ಮದುವೆ ಚೆನ್ನಾಗಿಯೇ ಆಯಿತು. ಭಾವನವರು ಬರಿಗಾಲಲ್ಲಿ ಬಂದದ್ದು ಯಾವ ಹರಕೆಗೋ ಎಂದು ಸೊರಬದವರು ಭಕ್ತಿಯಿಂದ ವಿಚಾರಿಸಿದರು. ಅಪ್ಪ ಹೌದು ಎಂದುಬಿಟ್ಟರು.

ಐದನೆಯ ದಿನ ಬೆಳಗಿನ ಬಸ್ಸಿಗೆ ಊರಿಗೆ ಬಂದೆವು. ನಮ್ಮ ಬೀದಿಗೆ ತಿರುಗಿದರೆ ಮನೆಯ ಮುಂದೆ ಜನವೋ ಜನ. ಅಪ್ಪನ ಕೈಯಿಂದ ಚೀಲ ಬಿತ್ತು. "ಹೋತು ಕಣೇ, ಎಲ್ಲಾ ಹೋತು!" ಎನ್ನುತ್ತಾ ಓಡಿದರು. ನಾವೂ ಹಿಂದೆಯೇ ಓಡಿದೆವು.

ಏನೂ ಹೋಗಿರಲಿಲ್ಲ. ನೀರಿಗೆ ಹೊರಟ ಹೆಂಗಸರು ಕೊಡ ಕೆಳಗಿಟ್ಟು ನಿಂತಿದ್ದರು. ಹೊಸ್ತಿಲಿನಿಂದ ಬೀದಿಯ ಅಂಚಿನವರೆಗೆ ರಂಗೋಲಿ ಹರಡಿತ್ತು. ಗಿಳಿಗಳು, ಕಮಲಗಳು, ತೊಟ್ಟಿಲು, ನಡುವೆ ಒಂದು ನವಿಲು. ಮೊದಲ ದಿನ ಎರಡೇ ಗೆರೆ ಹಾಕಿದ್ದರಂತೆ. ಎರಡನೆಯ ದಿನ ನಾಲ್ಕು ಚುಕ್ಕಿ. ಆಮೇಲೆ ಕೈ ನಿಂತಿಲ್ಲ. ಅಂಥದ್ದನ್ನು ನಾನು ಮತ್ತೆ ಎಲ್ಲೂ ನೋಡಲಿಲ್ಲ.

ಗುಂಪಿನಲ್ಲಿದ್ದ ಒಬ್ಬ ಹೆಂಗಸು, ಕೇಳಲಿ ಎಂದೇ, "ಮದುವಿ ಮಾಡಿ ಬಂದ ಮನೀ ಹೊಸ್ತಿಲಿಗೆ ಇಂಥೋರ ಕೈಲಿ ಹಾಕಿಸ್ತಾರೇನು?" ಎಂದಳು. ದೊಡ್ಡಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಬಿಳಿ ಮೆತ್ತಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ನನಗೆ ಅಳು ಬಂತು. ಎಲ್ಲರೂ ಅಪ್ಪನ ಕಡೆ ನೋಡಿದರು. ನಾನೂ ನೋಡಿದೆ, ನಂಬಿಕೆಯೇನೂ ಇರಲಿಲ್ಲ.

ಅಪ್ಪ ರಂಗೋಲಿಯ ಪಕ್ಕದಿಂದ ಬಗ್ಗಿ, ಕೈ ಚಾಚಿ, ಮೊದಲು ಬೀಗ ಎಳೆದು ನೋಡಿದರು. ಬುದ್ಧಿ ಎಲ್ಲಿ ಹೋದೀತು? ಆಮೇಲೆ ಗಂಟಲು ಸರಿಮಾಡಿಕೊಂಡು, "ನಾಕು ದಿನ ನಮ್ಮನಿ ಕಾಯ್ದದ್ದು ಈ ರಂಗೋಲಿ ಕಣ್ರೀ. ಯಾರೂ ತುಳೀಬ್ಯಾಡಿ," ಎಂದರು. ತಾವೂ ತುಳಿಯಬಾರದೆಂದು ಹಿತ್ತಿಲಿಗೆ ಸುತ್ತಿಕೊಂಡು ಹೋದರು. ಹಿತ್ತಿಲ ಬಾಗಿಲಿಗೆ ತಾವೇ ಒನಕೆ ಆನಿಸಿದ್ದು ಅಲ್ಲಿ ಹೋದ ಮೇಲೆ ನೆನಪಾಯಿತು. ತಿರುಗಿ ಬಂದು, ಗೋಡೆಗೆ ಮೈ ಒತ್ತಿಕೊಂಡು, ತುದಿಗಾಲಲ್ಲಿ ಮನೆ ಹೊಕ್ಕರು. ಆಗ ಮೊದಲು ನಕ್ಕವರು ದೊಡ್ಡಮ್ಮನೇ. ನಮಗೆ ಆದ ನಷ್ಟ ಎಂದರೆ ಒಂದು ಚಪ್ಪಲಿ. ನಾಯಿ ಕಚ್ಚಿಕೊಂಡು ಹೋಗಿತ್ತು.

ಮರುದಿನ ಬೆಳಿಗ್ಗೆ ಅಮ್ಮ ನೀರು ಚಿಮುಕಿಸುತ್ತಿದ್ದಳು. ಅಪ್ಪ ಜಗುಲಿಯಿಂದಲೇ ಪಕ್ಕದ ಮನೆಗೆ ಕೇಳುವಂತೆ ಕೂಗಿದರು: "ಅಕ್ಕಾ, ಶಿರಾಳಕೊಪ್ಪದಾಗೆ ಮತ್ತೆ ಕಳ್ಳರು ಬಂದಾರಂತೆ. ಇನ್ನೊಂದಷ್ಟು ದಿನ ನೀವೇ ಹಾಕಬೇಕ್ರೀ."

ಅವರಿನ್ನೂ ಕಚೇರಿಗೇ ಹೋಗಿರಲಿಲ್ಲ. "ಯಾರು ಹೇಳಿದ್ರಪ್ಪಾ?" ಎಂದೆ.

"ಸುಮ್ನಿರೇ," ಎಂದರು. ದೊಡ್ಡಮ್ಮ ಆಗಲೇ ಬಟ್ಟಲು ಹಿಡಿದು ಬಾಗಿಲು ದಾಟಿದ್ದರು.

ಆಮೇಲೆ ಎಷ್ಟೋ ವರ್ಷ ನಮ್ಮಪ್ಪನಿಗೆ ಕಳ್ಳರ ಭಯ ಹೋಗಲಿಲ್ಲ. ಪ್ರತಿ ತಿಂಗಳೂ ಒಂದು ಹೊಸ ಊರಿಗೆ ಕಳ್ಳರನ್ನು ಕರೆತರುತ್ತಿದ್ದರು. ದೊಡ್ಡಮ್ಮ ತೀರಿಕೊಂಡ ಮೇಲೆ ಮಾತ್ರ ಅವರು ಒಂದು ದಿನವೂ ಕಳ್ಳರ ಸುದ್ದಿ ತರಲಿಲ್ಲ.