ಗುಜರಿಯ ಹಡಗುಗಳು

ಅವನು ಹೋದ ಮೇಲೂ ಅವನ ಹಡಗುಗಳು ಬರುತ್ತಲೇ ಇದ್ದವು.

ಆಸ್ಪತ್ರೆಯವರು ಅವನ ಬಟ್ಟೆಯ ಜೊತೆ ಕೊಟ್ಟ ಫೋನನ್ನು ಹೆಂಡತಿ ತನ್ನ ಇಸ್ತ್ರಿ ಅಂಗಡಿಯ ಮೇಜಿನ ಮೇಲೆ ಇಟ್ಟಿದ್ದಳು. ಆಗಾಗ ಅದರೊಳಗಿಂದ ಠಣ್ ಎಂದು ಗಂಟೆ ಬಡಿಯುತ್ತಿತ್ತು. ಫೋನಿನ ಆಟದಲ್ಲಿ ಒಂದು ಹಡಗು ತಯಾರಾಯಿತು ಎಂದರ್ಥ. ಸಾಯುವ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅವನೇ ಒಂದರ ಹಿಂದೆ ಒಂದು ತಯಾರಾಗಲಿ ಎಂದು ಸಾಲಾಗಿ ಒತ್ತಿಟ್ಟಿದ್ದ. ಒಂದೊಂದಕ್ಕೂ ದಿನಗಟ್ಟಲೆ ಹಿಡಿಯುತ್ತಿತ್ತು. ಗಂಟೆ ಕೇಳಿದಾಗಲೆಲ್ಲ ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಅವನು ಬಂದನೇನೋ ಎಂದು ಬಾಗಿಲ ಕಡೆ ನೋಡುತ್ತಿದ್ದಳು. ಮೊದಲ ಸಲ ಎತ್ತಲು ಮರೆತು ಯಾರದೋ ಅಂಗಿ ಸುಟ್ಟಿದ್ದಳು. ಅಂಗಡಿ ಇಕ್ಕಟ್ಟು. ಅವನು ಒಳಗೆ ಬಂದರೆ ಅವಳು ಮೇಜಿಗೆ ಅಂಟಿ ನಿಂತು ದಾರಿ ಬಿಡಬೇಕಿತ್ತು.

ಕೆಟ್ಟು ನಿಂತ ಬಸ್ಸುಗಳನ್ನು ಎಳೆದು ತರುವ ಗಾಡಿಗೆ ಅವನು ಡ್ರೈವರ್. ಸಂಜೆ ಕೈಯ ಗ್ರೀಸು ತೊಳೆದು ಆಟಕ್ಕೆ ಕೂರುತ್ತಿದ್ದ. ಆಕಾಶದಲ್ಲಿ ಯುದ್ಧ ಮಾಡುವ ಆಟ. ಎಲ್ಲೆಲ್ಲೋ ಇರುವವರು ಸೇರಿ ಒಂದು ಪಡೆ, ತಲೆಗೊಂದು ಗ್ರಹ. ಹಡಗು ಕಟ್ಟುವುದಕ್ಕೆ ಅಲ್ಲಿ ಟ್ರೈನ್ ಮಾಡುವುದು ಎನ್ನುತ್ತಿದ್ದರು.

"ಹಡಗೇನು ನಾಯಿಮರಿನಾ, ಟ್ರೈನ್ ಮಾಡೋಕೆ?"

"ನಿನಗಿಂತ ಬೇಗ ಮಾತು ಕೇಳ್ತವೆ ಕಣೇ."

ಉಳಿದವರೆಲ್ಲ ಹೊಡೆಯುವ ಹಡಗು ಮಾಡಿದರೆ ಇವನದು ಎಳೆಯುವ ಹಡಗು. ಡಬ್ಬದಂಥದ್ದು, ನಿಧಾನ. ಏಟು ತಿಂದು ನಿಂತ ಹಡಗುಗಳನ್ನು ಕಟ್ಟಿ ಎಳೆದು ತರುವುದಷ್ಟೇ ಅದರ ಕೆಲಸ. "ಹೊಡೆಯೋಕೆ ಎಲ್ಲರೂ ಇದಾರೆ. ಕೆಟ್ಟು ನಿಂತಿದ್ದನ್ನ ಯಾರು ತರ್ತಾರೆ?" ಎನ್ನುತ್ತಿದ್ದ. ಪಡೆಯವರು ಅವನಿಗೆ ಗುಜರಿ ಎಂದೇ ಹೆಸರಿಟ್ಟಿದ್ದರು.

ಸಾಲು ಮುಗಿಯಿತು. ಕೊನೆಯ ಗಂಟೆ ಬಡಿದ ದಿನವೇ ಪಡೆಯ ನಾಯಕಿಯ ದನಿ ಬಂತು. ಅವಳ ಮುಖವನ್ನು ಗಂಡ ಹೆಂಡತಿ ಇಬ್ಬರೂ ಕಂಡವರಲ್ಲ.

"ಗುಜರಿ ಅಣ್ಣಾ, ಎಲ್ಲಿ ಸತ್ತಿದೀಯ? ಕರೆದ್ರೆ ಓ ಅನ್ನಲ್ಲ. ಭಾನುವಾರ ಯುದ್ಧ. ಈ ಸಲ ನಿನ್ನ ಡಬ್ಬ ಬೇಡ, ಹೊಡೆಯೋ ಹಡಗು ಟ್ರೈನ್ ಮಾಡು. ಇಲ್ಲಾಂದ್ರೆ ನಿನ್ನ ತೆಗೆದು ಬೇರೆಯವರನ್ನ ಹಾಕ್ಕೋತೀನಿ. ಆಮೇಲೆ ಮುಖ ಊದಿಸ್ಕೋಬೇಡ."

ಪಡೆಯಿಂದ ಹೊರಗೆ ಬಿದ್ದವನ ಗ್ರಹವನ್ನು ಸುತ್ತಲಿನವರು ನುಂಗಿ ನೀರು ಕುಡಿಯುತ್ತಾರೆ ಎಂದು ಅವನೇ ಹೇಳಿದ್ದ. ಗ್ರಹ ಹೋದರೆ ಗಂಟೆಯೂ ಹೋಗುತ್ತದೆ.

ಹೆಂಡತಿಗೆ ಓದು ಅಷ್ಟಕ್ಕಷ್ಟೇ. ಹಡಗುಗಳ ಚಿತ್ರ ಗೊತ್ತಿತ್ತು. ಹಡಗು ಕಟ್ಟಲು ಆಟದಲ್ಲಿ ಉಳಿದಿದ್ದ ಕಬ್ಬಿಣ ಒಂದು ಸಾಲಿಗೆ ಮಾತ್ರ ಸಾಲುತ್ತಿತ್ತು. ಚೂರಿಯಂಥ, ಹೊಡೆಯುವ ಹಡಗುಗಳನ್ನು ಸಾಲಾಗಿ ಒತ್ತಿದಳು.

ಮರುದಿನ ಮಧ್ಯಾಹ್ನ ಫೋನು ಸಿಳ್ಳೆ ಹಾಕಿತು. ಹೊಡೆಯುವ ಹಡಗು ಬೇಗ ಆಗುತ್ತದೆ, ಅದರ ಸದ್ದೇ ಬೇರೆ. ಅವಳ ಕೈ ನಿಲ್ಲಲಿಲ್ಲ. ತೋಳು ತೀಡಿದಳು, ಕಾಲರು ತೀಡಿದಳು, ಅಂಗಿ ಮಡಚಿಟ್ಟಳು. ಆಮೇಲೆ ಹೊಳೆಯಿತು, ಬಾಗಿಲ ಕಡೆ ನೋಡಲೇ ಇಲ್ಲ ಎಂದು. ಅವನ ಹೆಣ ಹೊರಟ ದಿನ ಆಗದ ಭಯ ಆಗ ಆಯಿತು.

ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಸ್ಟೂಲಿನ ಮೇಲೆ ಕೂತಳು. ಅವನು ಸತ್ತದ್ದು ಗಾಡಿಯಲ್ಲೇ. ರಸ್ತೆ ಬದಿ, ಕೈ ಸ್ಟೇರಿಂಗಿನ ಮೇಲೆ, ಹಿಂದೆ ಕಟ್ಟಿದ ಬಸ್ಸು. ತಲೆಯ ಮೇಲೆ ಹಳದಿ ದೀಪ ತಿರುಗುತ್ತಲೇ ಇತ್ತಂತೆ. ಫೋನಿನಲ್ಲಿ ಮಾತಾಡುತ್ತಿರಬೇಕು ಎಂದು ಬಸ್ಸಿನವನು ಕಾದನಂತೆ. ಅವನಿದ್ದ ಬಸ್ ಡಿಪೋದಲ್ಲಿ ಎಳೆಯುವ ಗಾಡಿ ಇದ್ದದ್ದು ಅದೊಂದೇ. ಅದನ್ನು ಎಳೆದು ತರಲು ಇನ್ನೊಂದು ಇರಲಿಲ್ಲ.

ಅವಳು ಚೂರಿ ಹಡಗುಗಳ ಸಾಲನ್ನು ಅಳಿಸಿದಳು. ಕಬ್ಬಿಣ ಅರ್ಧ ಮಣ್ಣುಪಾಲಾಯಿತು. ಉಳಿದದ್ದಕ್ಕೆ ಡಬ್ಬ ಒತ್ತಿದಳು. ಆಮೇಲೆ ದನಿ ಕಳಿಸುವ ಗುಂಡಿ ಒತ್ತಿ ಹಿಡಿದಳು.

"ನಾನು ಅವರ ಹೆಂಡ್ತಿ. ಅವರು ತೀರಿಕೊಂಡ್ರು. ಈ ಮನೆಯಿಂದ ಹೊಡೆಯೋ ಹಡಗು ಬರಲ್ಲಮ್ಮ. ಎಳೆಯೋದು ಬರುತ್ತೆ. ತೆಗೆಯೋದಾದ್ರೆ ತೆಗಿ."

ಅವಳು ಒಂದು ಅಂಗಿ ತೀಡಿ ಮುಗಿಸಿದಳು. ಆಮೇಲೆ ನಾಯಕಿಯ ಸಣ್ಣ ದನಿ.

"ಅಕ್ಕಾ, ಎಲ್ಲಿ ಸತ್ತಿದೀಯ ಅಂತ ಕೇಳಿಬಿಟ್ಟೆನಲ್ಲ."

"ಎಲ್ಲರೂ ಅನ್ನೋ ಮಾತೇ. ಬಿಡು."

"ಹೋದ ಸಲ ನನ್ನ ಹಡಗನ್ನ ಎಳ್ಕೊಂಡು ಬಂದಿದ್ದು ಅಣ್ಣನೇ. ಭಾನುವಾರ ಬನ್ನಿ ಅಕ್ಕಾ. ಏಟು ತಿಂದವು ಬೇಕಾದಷ್ಟು ಇರ್ತವೆ."

ಶನಿವಾರ ಸಂಜೆ, ಯಾರದೋ ಪ್ಯಾಂಟಿಗೆ ನೀರು ಚಿಮುಕಿಸುತ್ತಿದ್ದಾಗ, ಠಣ್ ಎಂದಿತು.

ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತೇ ಇತ್ತು. ಆದರೂ ಮೇಜಿಗೆ ಅಂಟಿ ನಿಂತು ದಾರಿ ಬಿಟ್ಟಳು.