ಸೆರ್ಡಿಕನ ಮಗನೋ ಮೊಮ್ಮಗನೋ

2022ರಲ್ಲಿ ನಾನು ತಿ. ನರಸೀಪುರದ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕಿಯಾಗಿದ್ದೆ. ಮನೆ ನಂಜನಗೂಡು, ಓಡಾಟ ಬಸ್ಸಿನಲ್ಲಿ. ಪಾಠದ ಜೊತೆಗೆ ಕೊನೆಯ ವರ್ಷದವರ ದಾಖಲಾತಿ ಪರಿಶೀಲನೆಯೂ ನನ್ನ ಪಾಲಿಗೆ ಬಂದಿತ್ತು. ಪದವಿ ಪ್ರಮಾಣಪತ್ರಕ್ಕೆ ಹೋಗುವ ತಂದೆಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದಂತೆಯೇ ಇದೆಯೇ ಎಂದು ನೋಡಿ ಸಹಿ ಹಾಕುವ ಕೆಲಸ.

ಆ ವರ್ಷವೂ ಎಂದಿನಂತೆ ಇಂಗ್ಲೆಂಡಿನ ಇತಿಹಾಸದಲ್ಲಿ ಸೆರ್ಡಿಕ್ ದೊರೆಯ ಪಾಠ ಬಂತು. ವೆಸೆಕ್ಸ್ ರಾಜ್ಯದ ಮೂಲಪುರುಷ ಎನಿಸಿಕೊಂಡ ಈತ ಕ್ರಿ.ಶ. 495ರಲ್ಲಿ ಮಗ ಸಿನ್ರಿಕ್‌ನೊಂದಿಗೆ ಐದು ಹಡಗುಗಳಲ್ಲಿ ಬಂದಿಳಿದ, 519ರಲ್ಲಿ ಪಟ್ಟಕ್ಕೇರಿದ, 534ರಲ್ಲಿ ತೀರಿಕೊಂಡ ಎನ್ನುತ್ತದೆ ಹಳೆಯ ವೃತ್ತಾಂತ. ಆದರೆ ಅದನ್ನು ಬರೆದದ್ದು ಮುನ್ನೂರು ವರ್ಷಗಳೂ ದಾಟಿದ ಮೇಲೆ. ದೊರೆ ಸ್ಯಾಕ್ಸನ್ನರವನು, ಹೆಸರು ನೋಡಿದರೆ ಅವರ ಶತ್ರುಗಳಾದ ಬ್ರಿಟನ್ನರದ್ದು. ವಂಶಾವಳಿಯೋ ವೋಡನ್ ದೇವರವರೆಗೆ ಹೋಗುತ್ತದೆ. ಸಾಲದ್ದಕ್ಕೆ ಇನ್ನೊಂದು ವಂಶಾವಳಿಯ ಪ್ರಕಾರ ಸಿನ್ರಿಕ್ ಮಗನೇ ಅಲ್ಲ, ಮೊಮ್ಮಗ. ನಡುವೆ ಕ್ರಿಯೋಡ ಎಂಬೊಬ್ಬನಿದ್ದಾನೆ. ಪಾಠ ಮುಗಿಯುವಷ್ಟರಲ್ಲಿ ನನಗೇ ತಲೆ ಕೆಟ್ಟಿರುತ್ತಿತ್ತು. ನಕಲು ಮಾಡಿದವರು ಒಂದು ಹೆಸರು ಬಿಟ್ಟಿರಬೇಕು ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ.

ಅಂದು ಮೂಗೂರಿನ ಪವಿತ್ರ ಎದ್ದು ನಿಂತಳು. "ಬೇಕು ಅಂತ್ಲೇ ಬಿಟ್ಟಿರ್ಬೋದು ಮೇಡಂ. ತಾತನೇ ಸಾಕಿದ್ರೆ, ತಾತನ್ನೇ ಅಪ್ಪ ಅಂತ ಬರ್ಸಿರ್ತಾರೆ."

ಕ್ಲಾಸು ನಕ್ಕಿತು. ಅವಳು ನಗಲಿಲ್ಲ.

ಆಮೇಲೆ ಸ್ಟಾಫ್ ರೂಮಿಗೆ ಬಂದು ಎಲ್ಲ ಹೇಳಿದಳು. ದಾಖಲೆಯಲ್ಲಿ ಅವಳ ತಂದೆ ಎಂದಿರುವ ಪುಟ್ಟಮಾದಪ್ಪ ನಿಜವಾಗಿ ತಂದೆಯ ತಂದೆ. ತಾಯಿ ಇವಳು ಕೂಸಾಗಿದ್ದಾಗಲೇ ತೀರಿಹೋದಳು. ತಂದೆ ಮಹೇಶ ಇನ್ನೊಂದು ಮದುವೆಯಾಗಿ ನಂಜನಗೂಡು ಸೇರಿ, ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಶಾಲೆಗೆ ಸೇರಿಸುವಾಗ ತಾತ ತನ್ನ ಹೆಸರನ್ನೇ ಬರೆಸಿದ್ದ. ಮಗಳು ಡಿಗ್ರಿ ಮುಗಿಸುತ್ತಿದ್ದಾಳೆಂದು ತಿಳಿದು ಮಹೇಶ ಈಗ ತನ್ನ ಹೆಸರು ಬರಬೇಕು ಎನ್ನುತ್ತಿದ್ದ. ತಾತ ಸಿಟ್ಟಿನಲ್ಲಿ ಊಟ ಬಿಟ್ಟಿದ್ದ.

"ಯಾರ್ ಏಳ್ದಂಗೆ ಕೇಳ್ಬೇಕೋ ನಂಗ್ ಗೊತ್ತಾಯ್ತಿಲ್ಲ ಮೇಡಂ," ಎಂದಳು.

ನನಗೂ ಗೊತ್ತಾಗಲಿಲ್ಲ. ಇಬ್ಬರನ್ನೂ ಕರೆಸಿದೆ.

ಮಹೇಶ ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದ. "ಬದುಕಿದ್ದೀನಿ ಮೇಡಂ. ಮಗಳ ಸರ್ಟಿಫಿಕೇಟಲ್ಲಿ ನಾನೇ ಇಲ್ಲ ಅಂದ್ರೆ ಎಂಗೆ?"

"ಇಷ್ಟೊರ್ಷ ಎಲ್ಲೋಗಿದ್ದೆಲಾ?" ಎಂದು ಪುಟ್ಟಮಾದಪ್ಪ ಗುಡುಗಿದರು. "ಜ್ವರ ಬಂದಾಗ ಎತ್ಕಂಡು ಓಡ್ದೋನು ನಾನು."

ನನ್ನ ಮನಸ್ಸು ಮುದುಕರ ಕಡೆ ವಾಲಿತ್ತು. ಆಗ ಮಹೇಶ ಮೆಲ್ಲಗೆ ಕೇಳಿದ: "ಬಂದಾಗೆಲ್ಲ ಬಾಗ್ಲಲ್ಲೇ ನಿಲ್ಸಿ ವಾಪಸ್ ಕಳಿಸ್ದೋರು ಯಾರಪ್ಪ?"

ತಾತನ ಪಕ್ಕದಲ್ಲಿ ನಿಂತಿದ್ದ ಪವಿತ್ರ ಅವರತ್ತ ತಿರುಗಿದಳು. "ಬತ್ತಿದ್ರಾ ತಾತ?"

"ಬತ್ತಿದ್ದ ಕಣವ್ವ. ನಿನ್ನ ಕರ್ಕಂಡೋಗ್ಬುಟ್ಟಾನು ಅಂತ ಎದ್ರಿಕೆ ನಂಗೆ."

ಅವಳು ಅವರ ಪಕ್ಕದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ತೀರ್ಮಾನವೆಲ್ಲ ಕಲಸಿಹೋಯಿತು. ಮುದುಕರೇ ನನ್ನತ್ತ ತಿರುಗಿದರು. "ಬದ್ಲಾಯ್ಸಿ ಮೇಡಮ್ಮೋರೆ. ನಾಳಿಕ್ ನಾನ್ ಸತ್ರೆ ಕಾಗ್ದದಲ್ಲಿ ಇವಳ್ಗೆ ಅಪ್ಪನೇ ಸತ್ತಂಗಾಯ್ತದೆ. ಬದ್ಕಿರೋನ ಎಸ್ರಿರ್ಲಿ."

ಕಾಲೇಜಿನಲ್ಲಿ ಬದಲಾಯಿಸಲು ಬರುವುದಿಲ್ಲ, ಪವಿತ್ರ ಕೋರ್ಟಿಗೆ ಹೋಗಬೇಕಾಗುತ್ತದೆ ಎಂದು ವಿವರಿಸಿದೆ. ಮೂವರೂ ಅವಳನ್ನೇ ನೋಡಿದೆವು.

"ಈಗೇನೂ ಬೇಡಿ ಮೇಡಂ," ಎಂದಳು. "ಇಬ್ರ ಮೇಲೂ ಕ್ವಾಪ ಬತ್ತಾ ಅದೆ. ಕ್ವಾಪದಲ್ಲಿ ಒಂದೆಸ್ರು ಅಳ್ಸ್ಲಾರೆ, ಒಂದೆಸ್ರು ಸೇರ್ಸ್ಲಾರೆ."

ಅವಳು ಹೊರಗೆ ಹೋದಳು. ಇಬ್ಬರು ಗಂಡಸರೂ ಒಬ್ಬರನ್ನೊಬ್ಬರು ನೋಡದೆ ಹಿಂದೆಯೇ ಹೋದರು. ಹೆಸರು ಅಂಕಪಟ್ಟಿಯಲ್ಲಿದ್ದಂತೆಯೇ ಇತ್ತು. ನಿಯಮದ ಪ್ರಕಾರ ಸಹಿ ಹಾಕಿದೆ. ಬಸ್ಸಿನಲ್ಲಿ ನಂಜನಗೂಡು ತಲುಪುವವರೆಗೂ ನಾನು ಪ್ರಮಾಣೀಕರಿಸಿದ್ದು ನಿಜವೋ ಸುಳ್ಳೋ ಎಂಬುದೇ ಬಗೆಹರಿಯಲಿಲ್ಲ. ಮುಂದಿನ ಬ್ಯಾಚಿಗೆ ಅದೇ ಪಾಠ ಬಂದಾಗ ಎರಡೂ ವಂಶಾವಳಿಗಳನ್ನು ಬೋರ್ಡಿನ ಮೇಲೆ ಬರೆದು, ಯಾವುದು ತಪ್ಪು ಎಂದು ಹೇಳದೆ ಬಿಟ್ಟೆ.

ಪ್ರಮಾಣಪತ್ರ ಪಡೆಯಲು ಪವಿತ್ರ ಮರುವರ್ಷ ಬಂದಳು. ಕೋರ್ಟಿಗೆ ಹೋಗಿರಲಿಲ್ಲ. ಆದರೆ ಹಿಂದೆಯೇ ಮಹೇಶನ ಬೈಕಿನಲ್ಲಿ ಪುಟ್ಟಮಾದಪ್ಪ ಬಂದಿಳಿದರು. ಈಗೀಗ ಭಾನುವಾರ ಮಹೇಶ ಮೂಗೂರಿಗೆ ಬರುತ್ತಾನೆ, ಅಪ್ಪ ಮಗನ ಮಾತು ಮಾತ್ರ ಇನ್ನೂ ಅಷ್ಟಕ್ಕಷ್ಟೇ ಎಂದು ಅವಳು ನನಗೆ ಪಿಸುಗುಟ್ಟಿದಳು.

ಓದು ಬಾರದ ಮುದುಕರು ಪ್ರಮಾಣಪತ್ರವನ್ನು ಮಗನ ಕೈಗೆ ಕೊಟ್ಟು ಓದೆಂದರು. ಮಹೇಶ ಎಲ್ಲರಿಗೂ ಕೇಳುವಂತೆ ಓದಿದ: "ಪವಿತ್ರ, ತಂದೆ ಪುಟ್ಟಮಾದಪ್ಪ."

"ನಿನ್ನೆಸ್ರು ಬರ್ಲಿಲ್ವಲ್ಲೋ ಮಗ," ಎಂದರು ಮುದುಕರು ಸಣ್ಣ ದನಿಯಲ್ಲಿ.

"ನನ್ ಎಸ್ಸೆಸ್ಸೆಲ್ಸಿ ಕಾರ್ಡಲ್ಲೂ ಅದೇ ಅಲ್ವಾಪ್ಪ ಇರಾದು, ತಂದೆ ಪುಟ್ಟಮಾದಪ್ಪ ಅಂತ," ಎಂದ ಮಹೇಶ.

ಪವಿತ್ರ ನಕ್ಕುಬಿಟ್ಟಳು, ಕಣ್ಣು ಮಾತ್ರ ಒದ್ದೆಯಾಗಿತ್ತು. ದಾಖಲೆ ಸರಿಯಿದೆ ಎಂದು ಸಹಿ ಹಾಕಬಲ್ಲೆ, ಒಂದು ಮನೆಯ ಬಗ್ಗೆ ಹಾಗೆ ಹೇಳಲಾರೆ ಎಂಬುದನ್ನು ನನ್ನ ವೃತ್ತಿ ಕಲಿಸಿದ್ದು ಆ ದಿನವೇ.