ಬಳೆ ತೆಗೆದ ಕೈಯ ಗಡಿಯಾರ

ಪ್ರಾಜಕ್ತಾ, ಓಂಕಾರ, ಮೊಮ್ಮಕ್ಕಳಾದ ನೀವಿಬ್ಬರೂ ಕೂಡಿ ಕೊಲ್ಹಾಪುರದಿಂದ ತಂದುಕೊಟ್ಟ ಗಡಿಯಾರ ನಿಂತುಹೋದದ್ದನ್ನು ನಾನು ಕೆಲವು ದಿನ ನಿಮಗೆ ಹೇಳಲಿಲ್ಲ. ಅಷ್ಟು ಬೆಲೆಯ ವಸ್ತುವನ್ನು ಕೆಡಿಸಿಬಿಟ್ಟೆನಲ್ಲ ಎಂಬ ಅಂಜಿಕೆ. ಬೆಲೆಬಾಳುವ ವಸ್ತು ಮನೆಗೆ ಬಂದರೆ ನಮ್ಮಂಥವರು ಏನು ಮಾಡುತ್ತೇವೋ ಅದನ್ನೇ ಮಾಡಿದ್ದೆ. ದೇವರ ಮುಂದಿಟ್ಟು ಕುಂಕುಮ ಹಚ್ಚಿ, ಇಳಕಲ್ ಸೀರೆಯ ಮಡಿಕೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ತೆಗೆದು ನೋಡಿದರೆ ಮುಳ್ಳು ಅಲುಗುತ್ತಿರಲಿಲ್ಲ.

ಕೊನೆಗೆ ಫೋನು ಮಾಡಿದಾಗ ಪ್ರಾಜಕ್ತಾ, ನೀನು ನಕ್ಕೆ. "ಆಯಿ, ಅದಕ್ಕ ಸೆಲ್ ಇಲ್ಲ, ಕೀಲಿನೂ ಕೊಡಬೇಕಿಲ್ಲ. ನಿನ್ನ ಕೈ ಆಡಿದ್ರ ಅದು ನಡೀತೈತಿ" ಎಂದೆ.

ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಹಿಂಬದಿಯ ಗಾಜಿನೊಳಗೆ ಅರ್ಧಚಂದ್ರದಂಥ ತಗಡು ತಿರುಗಿತು. ಸೆಕೆಂಡಿನ ಮುಳ್ಳು ಗೋಡೆ ಗಡಿಯಾರದ ಹಾಗೆ ಜಿಗಿಯದೆ ಎಣ್ಣೆ ಹರಿದಂತೆ ಸರಿಯತೊಡಗಿತು. ಕಿವಿಗೆ ಹಿಡಿದೆ. ಮೊರದಲ್ಲಿ ಸಾಸಿವೆ ಹೊರಳಿದಂಥ ಸಣ್ಣ ಸಪ್ಪಳ... ಆ ಸಪ್ಪಳವನ್ನು ನಾನು ಹಿಂದೆಯೂ ಕೇಳಿದ್ದೆ.

ನಾನು ಮದುವೆಯಾಗಿ ಭೋಜ ಊರಿಗೆ ಬಂದಾಗ ನಮ್ಮ ಗೋಡೆಗೆ ಹತ್ತಿಕೊಂಡೇ ಒಂದು ಜೈನರ ಮನೆ ಇತ್ತು. ಆ ಮನೆಯ ಒಡತಿಯನ್ನು ಅಕ್ಕಾರು ಎನ್ನುತ್ತಿದ್ದೆ. ಮಾತಿಗೆ ನಾಚುತ್ತಿದ್ದ ನನ್ನನ್ನು ಅವರು ಮಾತಾಡು ಎಂದು ಒಮ್ಮೆಯೂ ಒತ್ತಾಯಿಸಲಿಲ್ಲ. ಅದಕ್ಕೇ ಏನೋ, ಅವರೊಬ್ಬರ ಮುಂದೆ ನನಗೆ ಮಾತು ಬರುತ್ತಿತ್ತು. ಅವರ ಗಂಡ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುತ್ತಿದ್ದರು. ಆ ಯಜಮಾನರ ಕೈಯಲ್ಲಿ ಇಂಥದೇ, ಕೀಲಿ ಬೇಡದ ಗಡಿಯಾರ ಇತ್ತು.

ಆಮೇಲೆ ಯಜಮಾನರಿಗೆ ಲಕ್ವಾ ಹೊಡೆದು ಎಡಗೈ ಸ್ವಾಧೀನ ತಪ್ಪಿತು. ಕೈಯ ಜೊತೆ ಗಡಿಯಾರವೂ ನಿಂತಿತು. ನನ್ನ ಕೈ ಆಡುವುದಿಲ್ಲ, ನೀನೇ ಕಟ್ಟಿಕೊಂಡು ನಡೆಸು ಎಂದು ಹೆಂಡತಿಗೆ ಕೊಟ್ಟರು. ಅಕ್ಕಾರು ಹಸಿರು ಬಳೆಗಳ ಹಿಂದೆ ಅದನ್ನು ಕಟ್ಟಿಕೊಂಡೇ ರೊಟ್ಟಿ ಬಡಿದರು, ಮಜ್ಜಿಗೆ ಕಡೆದರು. ಒಳಕೋಣೆಯಿಂದ ಗಂಡ ಆಗಾಗ, ಗಂಟೆ ಎಷ್ಟಾಯಿತು ಎಂದು ಕೇಳುವರು. ಅವರಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ಇವರು ಬಿಡದೆ ಹೇಳುವರು.

ಗಂಡ ತೀರಿಕೊಂಡ ಮೇಲೆ ಅಕ್ಕಾರ ಬಳೆ ತೆಗೆದರು. ಗಡಿಯಾರವನ್ನು ಅಕ್ಕಾರು ಬಿಚ್ಚಲಿಲ್ಲ. ಬಾವಿಯ ಹತ್ತಿರ ಹೆಂಗಸರು, ಬಳಿ ಹೋದ್ರೂ ಸಿಂಗಾರ ಹೋಗಲಿಲ್ಲ ನೋಡ್ರಿ ಎಂದು ಅವರಿಗೆ ಕೇಳುವಂತೆಯೇ ಆಡಿಕೊಂಡರು. ಅಕ್ಕಾರು ಕೊಡ ತುಂಬಿಕೊಂಡು ಬಂದುಬಿಟ್ಟರು. ಅಂದು ಸಂಜೆ ನನ್ನೊಬ್ಬಳಿಗೆ ಮಾತ್ರ, ಇದನ್ನು ಬಿಚ್ಚಿದರೆ ಅವರು ಇನ್ನೊಮ್ಮೆ ಹೋದ ಹಾಗೆ ಎಂದರು.

ಶ್ರಾವಣದಲ್ಲಿ ಅವರ ಮೈದುನ ಕಾಗವಾಡದಿಂದ ಬಂದರು. ತೀರಿಕೊಂಡವರ ಗಡಿಯಾರ, ಕೊಡೆ ತಮ್ಮನಿಗೆ ಸೇರುವುದು ಆ ಮನೆಯ ರೂಢಿ. ನಾನು ಹೆಪ್ಪಿಗೆಂದು ಬಟ್ಟಲು ಹಿಡಿದು ಹೋದವಳು ಅಡುಗೆಮನೆಯ ಬಾಗಿಲಲ್ಲೇ ನಿಂತೆ.

"ವೈನೀ, ಅಣ್ಣಾನ ಗಡಿಯಾರ ನಾ ಒಯ್ತೇನಿ. ಬಳಿ ತಗದ ಕೈಯಾಗ ಅದು ಚಲೋ ಕಾಣಾಂಗಿಲ್ಲ. ಮಂದಿ ಆಡಕೊಳ್ಳಾಕತ್ತಾರ" ಎಂದು ಅವರು ಅತ್ತಿಗೆಗೆ ಹೇಳಿದರು.

ಅಕ್ಕಾರು, ಮೊದಲು ಉಣ್ಣಿರಿ ಎಂದು ತಾಟು ಇಟ್ಟರು. ಮೈದುನ ಹೊರಗೆ ನೋಡಿದರು. ಮೋಡ ಕವಿದು ಅಂಗಳವೆಲ್ಲ ಕಪ್ಪಾಗಿತ್ತು. ಹೊತ್ತು ಮುಳುಗಿದ ಮೇಲೆ ಜೈನ ಮಂದಿ ಅನ್ನ ಮುಟ್ಟುವುದಿಲ್ಲ, ಇವರಂತೂ ನೀರನ್ನೂ ಕುಡಿಯುವವರಲ್ಲ. ಬೆಳಗಿನಿಂದ ಹಸಿದಿದ್ದರೂ ತಾಟು ಸರಿಸಿ ಏಳಹೋದರು.

ಅಕ್ಕಾರು ಎಡಗೈಯನ್ನು ಅವರ ಕಣ್ಣಮುಂದೆ ಹಿಡಿದರು. "ಜಿನ ಬಸ್ತಿ ಗ್ವಾಡಿ ಮ್ಯಾಲ ಇವತ್ತ ಹೊತ್ತ ಏಳಕ್ಕ ಮುಳುಗತೈತಿ ಅಂತ ಬರದಾರ. ಇನ್ನಾ ಆರೂವರಿನೂ ಆಗಿಲ್ಲ. ಇದು ಮೋಡದ ಕತ್ತಲಿ. ಕುಂಡ್ರಿ."

ಅವರು ಗಡಿಯಾರ ನೋಡಿದರು, ಆಕಾಶ ನೋಡಿದರು, ತಾಟು ನೋಡಿದರು. ಕುಳಿತು ಹೊಟ್ಟೆತುಂಬ ಉಂಡರು. ಕೈಗೆ ನೀರು ಹಾಕುತ್ತ ಅಕ್ಕಾರು ತಣ್ಣಗೆ ಕೇಳಿದರು, "ಇದನ್ನ ಒಯ್ದ್ರ ನಾಳಿ ನನಗ ಹೊತ್ತ ಯಾರ ಹೇಳಬೇಕ್ರಿ? ನೀವು ಕಾಗವಾಡದಿಂದ ಒದರತೀರೇನು?"

ಮೈದುನ ನಕ್ಕುಬಿಟ್ಟರು. ಕೆಟ್ಟವರಲ್ಲ. ಗಡಿಯಾರದ ಮಾತು ನಂಬಿ ಉಂಡ ಮೇಲೆ ಅದನ್ನು ಹೇಗೆ ಬಿಚ್ಚಿಸಿಕೊಂಡಾರು? ಕೊಡೆಯೊಂದನ್ನೇ ಒಯ್ದರು. ಮಳೆಯೂ ಶುರುವಾಗಿತ್ತು. ಆ ಶ್ರಾವಣ ಮುಗಿಯುವುದರೊಳಗೆ ಬಾವಿಯ ಹತ್ತಿರ ಆಡಿಕೊಂಡ ಹೆಂಗಸರೇ ಮೋಡದ ಸಂಜೆಗಳಲ್ಲಿ ಬಂದು, ಎಷ್ಟಾತ್ರಿ ಅಕ್ಕಾರ ಎಂದು ಕೇಳತೊಡಗಿದ್ದರು.

ಅಕ್ಕಾರು ತೀರಿಕೊಂಡಾಗ ನಾವು ಊರು ಬಿಟ್ಟು ನಿಪ್ಪಾಣಿಗೆ ಬಂದು ನೆಲೆಸಿದ್ದೆವು. ಸುದ್ದಿ ತಡವಾಗಿ ಮುಟ್ಟಿತು, ಹೋಗಲಾಗಲಿಲ್ಲ. ಗಡಿಯಾರ ಯಾರ ಕೈ ಸೇರಿತೋ... ನಿಮ್ಮ ಅಜ್ಜ ಹೋಗಿ ನನ್ನ ಕೈ ಬೋಳಾದಾಗ ಅಕ್ಕಾರು ಇರಬೇಕಿತ್ತು ಎಂದು ಬಹಳ ಅನಿಸಿತು. ಅಂದಿನಿಂದ ಈ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ತಿರುಗಿದೆ. ಮನೆಯ ಫೋಟೋಗಳನ್ನು ನೋಡಿ, ಒಂದರಲ್ಲೂ ನನ್ನ ಎಡಗೈ ಕಾಣುವುದಿಲ್ಲ.

ಈಗ ಕಟ್ಟಿಕೊಂಡಿದ್ದೇನೆ. ಮೊದಲು ತಣ್ಣಗೆ, ಭಾರ ಅನಿಸಿತು. ಮಧ್ಯಾಹ್ನದ ಹೊತ್ತಿಗೆ ಮೈಬಿಸಿಗೆ ಹೊಂದಿಕೊಂಡಿತು. ಮೊನ್ನೆ ಚಿಕ್ಕೋಡಿಗೆ ತೊಟ್ಟಿಲ ಕಾರ್ಯಕ್ಕೆ ಹೋದಾಗ ಬೀಗರ ಹೆಂಗಸೊಬ್ಬಳು ಗಡಿಯಾರ ನೋಡಿ, ಈ ವಯಸ್ಸಿನ್ಯಾಗ ಭಾರೀ ಥಾಟ್ ಐತಲ್ಲ ಎಂದು ನನ್ನ ಸಿಂಗಾರವನ್ನು ಆಡಿಕೊಂಡಳು. ಸೆರಗಿನತ್ತ ಹೋದ ಕೈಯನ್ನು ತಡೆದು, "ಹೌದ್ರಿ, ನಮ್ಮ ಮೊಮ್ಮಕ್ಕಳು ಕೊಟ್ಟಾರ" ಎಂದೆ. ಅಷ್ಟು ಜನರ ನಡುವೆ ನನ್ನ ದನಿ ನನಗೇ ಕೇಳಿಸಿತು.

ಅಕ್ಕಾರ ಒಂದು ಫೋಟೋವೂ ನನ್ನಲ್ಲಿಲ್ಲ. ಅವರನ್ನು ಕಂಡವರೂ ಈಗ ಹೆಚ್ಚು ಜನ ಉಳಿದಿಲ್ಲ. ಇಷ್ಟು ಬರೆದಿದ್ದೇನೆ. ಈ ಹಾಳೆಗಳನ್ನು ಕಳೆಯದೆ ಇಟ್ಟುಕೊಳ್ಳಿ ಮಕ್ಕಳೇ, ಅವರು ಇದ್ದರು ಎಂಬುದಕ್ಕೆ.